ಬದರಿನಾಥರು ಓಟು ಕೇಳದ ಮನೆ

ಅಮೆರಿಕದ ಬಾಥೆಲ್ ಊರಿನ ನಮ್ಮ ಬೀದಿಯಲ್ಲಿ ಕನ್ನಡದ ಮನೆಗಳು ಎರಡೇ. ಒಂದು ನಮ್ಮದು, ಇನ್ನೊಂದು ಎದುರಿನ ಸಾರ್ಜೆಂಟ್ ಬದರಿನಾಥರದು. ನಾವು ಮನೆ ಕೊಂಡು ಬಂದ ಹೊಸತರಲ್ಲಿ ಎದುರು ಮನೆಯ ಮುಂದೆ ಶೆರಿಫ್ ಕಚೇರಿಯ ಪೋಲೀಸ್ ಕಾರು ನಿಂತಿದ್ದು ಕಂಡು ನನ್ನ ಗಂಡ ಸುನಿಲ್, "ಏನೋ ಗಲಾಟೆ ಇರ್ಬೇಕು, ಒಳಗೆ ಬಾ" ಎಂದು ನನ್ನನ್ನು ಎಳೆದುಕೊಂಡು ಬಾಗಿಲು ಹಾಕಿದ. ಐದು ನಿಮಿಷಕ್ಕೆ ಬಾಗಿಲ ಗಂಟೆ ಸದ್ದಾಯಿತು. ತೆರೆದರೆ ಆರಡಿ ಎತ್ತರದ, ನರೆತ ಮೀಸೆಯ ಮನುಷ್ಯ. "ನಾಳೆ ಕಸದ ಗಾಡಿ ಬರತ್ತೆ. ಡಬ್ಬಾನ ಇವತ್ತೇ ಹೊರಗಿಟ್ಬಿಡಿ, ಆಯ್ತಾ?" ಎಂದರು. ಸುನಿಲ್ ಬಾಯಿ ಬಿಟ್ಟುಕೊಂಡು ನಿಂತ.

ಅವರ ಕನ್ನಡ ಹನ್ನೊಂದು ವರ್ಷದ ಹುಡುಗನ ಕನ್ನಡ. ಮೈಸೂರಿನ ಒಂಟಿಕೊಪ್ಪಲಿನಿಂದ ೧೯೬೯ರಲ್ಲಿ ಇಲ್ಲಿಗೆ ಬಂದಾಗ ಅವರಿಗೆ ಅಷ್ಟೇ ವಯಸ್ಸು. ಆಮೇಲೆ ಕನ್ನಡ ಬೆಳೆಯಲಿಲ್ಲ, ಅವರು ಮಾತ್ರ ಬೆಳೆದರು. ನಲವತ್ತೈದು ವರ್ಷದ ಪೋಲೀಸಿನವರು "ಟೂ ಬಿಟ್ಟೆ", "ಆಣೆ ಮಾಡು" ಎಂದೆಲ್ಲ ಅಂದಾಗ ನನಗೆ ನಗು ಬರುತ್ತಿತ್ತು.

ಅವರ ತಂದೆ ಅಶ್ವತ್ಥರಾಯರು ವಿಮಾನದ ಎಂಜಿನಿಯರು. ಬೆಂಗಳೂರಿನ ಕೆಲಸ ಬಿಟ್ಟು, ಮೈಸೂರಿನಲ್ಲಿದ್ದ ಹೆಂಡತಿ ಅನಸೂಯಮ್ಮ, ಮಗನನ್ನು ಕರೆದುಕೊಂಡು ಬಂದು ಇಲ್ಲಿಯ ಮುಕಿಲ್ಟಿಯೊ ಊರಿನ ಹತ್ತಿರದ ವಿಮಾನ ಕಾರ್ಖಾನೆಗೆ ಸೇರಿದರು. ಎರಡೇ ವರ್ಷದಲ್ಲಿ ಸಾವಿರಾರು ಜನರ ಕೆಲಸ ಹೋಯಿತು, ಅವರದೂ ಹೋಯಿತು. ಮತ್ತೆ ಕರೆಯುವವರೆಗೆ ಮರದ ಅಡತಿಯಲ್ಲಿ ಮೊಳೆ ತೂಗಿ ಮಾರಿದರು. ಆ ದಿನಗಳಲ್ಲೇ ಒಮ್ಮೆ ಅವರ ಮನೆಯಲ್ಲಿ ಕಳ್ಳತನವಾಯಿತು. ವಿಚಾರಿಸಲು ಬಂದ ಪೋಲೀಸಿನವನು ಬಾಗಿಲಲ್ಲಿ ಸಾಲಾಗಿ ಬಿಟ್ಟಿದ್ದ ಚಪ್ಪಲಿಗಳನ್ನು ನೋಡಿದ. ಯಾರೂ ಹೇಳದೆಯೇ ಬೂಟು ಕಳಚಿ, ಟೋಪಿ ತೆಗೆದು, ಅನಸೂಯಮ್ಮ ಕೊಟ್ಟ ಕೋಡುಬಳೆ ತಿಂದು, ಅರ್ಧ ಗಂಟೆ ಕೂತು, ಕಳೆದುಹೋದ ಸಾಮಾನುಗಳನ್ನು ಒಂದೊಂದಾಗಿ ಬರೆದುಕೊಂಡ. ಸಾಮಾನು ಸಿಗಲಿಲ್ಲ. ಆದರೆ ಹದಿಮೂರು ವರ್ಷದ ಬದರಿ ಅವನ ಕಾಲಿನ ತೂತುಬಿದ್ದ ಕಾಲುಚೀಲವನ್ನೇ ನೋಡುತ್ತಿದ್ದನಂತೆ. ನಾನೂ ಇದೇ ಕೆಲಸ ಮಾಡಬೇಕು ಎಂದು ಆವತ್ತೇ ತೀರ್ಮಾನವಾಯಿತು.

ರಾಯರು ಆ ಅರ್ಧ ಗಂಟೆ ಒಳಕೋಣೆಯಿಂದ ಹೊರಗೆ ಬರಲೇ ಇಲ್ಲ. ಅದಕ್ಕೆ ಕಾರಣವಿತ್ತು. ೧೯೪೭ರಲ್ಲಿ ದೇಶಕ್ಕೆ ಸ್ವಾತಂತ್ರ್ಯ ಬಂದರೂ ಮೈಸೂರಿನಲ್ಲಿ ಇನ್ನೂ ಅರಸರ ಆಳ್ವಿಕೆಯೇ ಇತ್ತು. ಜನರೇ ಆರಿಸಿದ ಸರ್ಕಾರ ಬೇಕೆಂದು 'ಮೈಸೂರು ಚಲೋ' ಚಳವಳಿ ನಡೆದಾಗ ರಾಯರಿಗೆ ಹದಿನೆಂಟು, ಕಾಲೇಜು ಹುಡುಗ. ಮೆರವಣಿಗೆಯಲ್ಲಿ ಬಿದ್ದ ಲಾಠಿಗೆ ಎಡಭುಜದ ಮೂಳೆ ಮುರಿಯಿತು. ಆ ಕೈ ಮತ್ತೆ ಕಿವಿಗಿಂತ ಮೇಲೆ ಏಳಲಿಲ್ಲ. ಆಮೇಲಿನ ಚುನಾವಣೆಗಳಲ್ಲೆಲ್ಲ ಬೆಳಿಗ್ಗೆ ಸ್ನಾನ ಮಾಡಿ, ಇಸ್ತ್ರಿ ಮಾಡಿದ ಪಂಚೆ ಉಟ್ಟು, ಸಾಲಿನಲ್ಲಿ ಮೊದಲಿಗರಾಗಿ ನಿಂತು ಓಟು ಹಾಕಿದವರು ಅವರು. ಇಲ್ಲಿಗೆ ಬಂದ ಮೇಲೆ ಅದೂ ಹೋಯಿತು. ಮೂವತ್ತನಾಲ್ಕು ವರ್ಷ ಇಲ್ಲೇ ಇದ್ದರೂ ಇಲ್ಲಿಯ ಪ್ರಜೆಯಾಗಲಿಲ್ಲ, ಭಾರತದ ಪಾಸ್‌ಪೋರ್ಟನ್ನೇ ನವೀಕರಿಸಿಕೊಂಡು ಬಂದರು. "ಯಾವ ದೇಶದ ಓಟಿಗೆ ಪೆಟ್ಟು ತಿಂದೆನೋ ಅದನ್ನ ಬಿಡು ಅಂದ್ರೆ ಹೇಗಮ್ಮ?" ಎಂದು ನನ್ನನ್ನು ಕೇಳಿದ್ದರು. ಅಲ್ಲಿ ಹೋಗಿ ಹಾಕಲಾಗದು, ಇಲ್ಲಿ ಹಾಕುವ ಹಕ್ಕಿಲ್ಲ. ಓಟಿಗಾಗಿ ಮೂಳೆ ಮುರಿಸಿಕೊಂಡ ಮನುಷ್ಯ ಅರ್ಧ ಆಯುಷ್ಯ ಓಟಿಲ್ಲದೆ ಕಳೆದರು.

ಇಂಥವರ ಮಗ ಖಾಕಿಗೆ ಸೇರಿದ. ಇಲ್ಲಿಯ ಸಮವಸ್ತ್ರ ಖಾಕಿಯಲ್ಲ, ಆದರೆ ರಾಯರಿಗೆ ಎಲ್ಲ ಪೋಲೀಸರದೂ ಒಂದೇ ಬಣ್ಣ. ಒಂದು ವರ್ಷ ಮಾತು ಬಿಟ್ಟರು. ಅನಸೂಯಮ್ಮ ಅತ್ತು ಕರೆದು ರಾಜಿ ಮಾಡಿಸಿದ ಮೇಲೆ ಒಂದು ಷರತ್ತು ಉಳಿಯಿತು: ಆ ಬಟ್ಟೆ ಮನೆಯೊಳಗೆ ಬರಕೂಡದು. ಅಂದಿನಿಂದ ಬದರಿನಾಥರು ಗ್ಯಾರೇಜಿನಲ್ಲೇ ಬಟ್ಟೆ ಬದಲಾಯಿಸಿ ಒಳಗೆ ಹೋಗುತ್ತಿದ್ದರು. ಅನಸೂಯಮ್ಮ ತೀರಿಕೊಂಡು, ರಾಯರು ಮಗನ ಮನೆಗೇ ಬಂದ ಮೇಲೂ, ತಮ್ಮದೇ ಮನೆಯಲ್ಲಿ, ಅದೇ ಪದ್ಧತಿ. ಚಳಿಗಾಲದಲ್ಲಿ ಗ್ಯಾರೇಜಿನ ಬಾಗಿಲು ಅರ್ಧ ಮುಚ್ಚಿದಾಗ ಕೆಳಗಿನಿಂದ ಅವರ ಬರಿಗಾಲು ನನಗೆ ಕಾಣುತ್ತಿತ್ತು. ಮಡಿ ಹೆಂಗಸರನ್ನು ನೋಡಿದ್ದೇನೆ, ಮಡಿ ಪೋಲೀಸನ್ನು ನೋಡಿದ್ದು ಅಲ್ಲೇ.

೨೦೦೨ರ ದೀಪಾವಳಿಗೆ ಅವರ ಮನೆಗೆ ಊಟಕ್ಕೆ ಹೋಗಿದ್ದೆವು. ಬದರಿನಾಥರ ಹೆಂಡತಿ ಜಾಹ್ನವಿ ಆಸ್ಪತ್ರೆಯಲ್ಲಿ ನರ್ಸ್, ಆವತ್ತು ರಜೆ ಹಾಕಿ ಹೋಳಿಗೆ ಮಾಡಿದ್ದರು. ಊಟದ ನಡುವೆ ಬದರಿನಾಥರು, "ಮುಂದಿನ ವರ್ಷ ನಾನು ಕೌಂಟಿ ಎಕ್ಸಿಕ್ಯುಟಿವ್‌ಗೆ ನಿಲ್ತೀನಿ" ಎಂದರು. ನಮ್ಮ ಜಿಲ್ಲಾಧಿಕಾರಿ, ಜಿಲ್ಲಾ ಪಂಚಾಯ್ತಿ ಅಧ್ಯಕ್ಷ ಇಬ್ಬರನ್ನೂ ಸೇರಿಸಿ ಒಂದೇ ಕುರ್ಚಿ ಮಾಡಿ, ಅದಕ್ಕೆ ಜನರಿಂದ ಓಟು ಹಾಕಿಸಿದರೆ ಹೇಗೋ ಹಾಗಿನ ಹುದ್ದೆ ಅದು. ಯಾಕೆ ನಿಲ್ಲುತ್ತೀರಿ ಎಂದು ಸುನಿಲ್ ಕೇಳಿದ. ಮುಕಿಲ್ಟಿಯೊದಲ್ಲಿ ಫೆರಿ ದೋಣಿ ಹತ್ತುವ ಜಾಗದಲ್ಲಿ ನಿಂತು ತನಗೆ ತಾನೇ ಕೂಗಾಡುವ ಒಬ್ಬನನ್ನು ಇವರು ಹತ್ತೊಂಬತ್ತು ಸಲ ಹಿಡಿದಿದ್ದರಂತೆ. "ಅವನಿಗೆ ಬೇಕಾಗಿರೋದು ಡಾಕ್ಟ್ರು. ನನ್ನ ಹತ್ರ ಇರೋದು ಜೈಲು. ಜೈಲಿಗೆ ದುಡ್ಡಿದೆ, ಆಸ್ಪತ್ರೆಗಿಲ್ಲ. ಅದನ್ನ ಬದಲಾಯಿಸೋ ಕುರ್ಚಿ ಅದೊಂದೇ" ಎಂದು ತಂದೆಯ ಕಡೆ ನೋಡಿದರು.

ರಾಯರು ಮಜ್ಜಿಗೆ ಕಲಸಿಕೊಂಡು ಊಟ ಮುಗಿಸಿದರು. ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋದರು. ನನಗೆ ರೇಗಿತು. ಪರರ ಮಕ್ಕಳು ಪ್ರೈಮರಿ ಶಾಲೆಯಲ್ಲಿ ಕಾಗುಣಿತ ಹೇಳಿದರೆ ಚಪ್ಪಾಳೆ ತಟ್ಟುವ ಮನುಷ್ಯ, ಮಗನಿಗೆ ಒಂದು 'ಹೂಂ' ಎನ್ನಲು ಏನು ಕಷ್ಟ?

ಒಂದು ವಾರದ ಮೇಲೆ, ಬದರಿನಾಥರು ಕೆಲಸಕ್ಕೆ ಹೋದ ಹೊತ್ತಿನಲ್ಲಿ, ರಾಯರು ಕೊಡೆ ಹಿಡಿದು ನಮ್ಮ ಮನೆಗೆ ಬಂದರು.

"ರುಕ್ಮಿಣಿ, ಸಿಟಿಜನ್ ಆಗೋಕೆ ಒಂದು ಅರ್ಜಿ ಇದೆಯಂತಲ್ಲ. ಅದನ್ನ ತುಂಬಿಕೊಡ್ತೀಯಾ?"

"ನೀವಾ ಮಾವ?"

"ಇನ್ಯಾರು? ಬದರಿಗೆ ಹೇಳಬಾರದು. ಮುಂದಿನ ನವೆಂಬರಿನ ಎಲೆಕ್ಷನ್ನಿನೊಳಗೆ ಆಗದೇ ಹೋದ್ರೆ ಅವನಿಗೆ ಸುಮ್ನೆ ಆಸೆ ಹುಟ್ಟಿಸಿದ ಹಾಗಾಗತ್ತೆ."

ಅರ್ಜಿ ತುಂಬುವುದರಲ್ಲಿ ನಮ್ಮಂಥ ವೀಸಾ ಜನರನ್ನು ಮೀರಿಸಿದವರಿಲ್ಲ. ನಾನಾಗ ಗ್ರೀನ್ ಕಾರ್ಡಿಗಾಗಿ ಐದನೆಯ ವರ್ಷ ಕಾಯುತ್ತಿದ್ದೆ. ನನಗೆ ಎಂದು ಸಿಗುತ್ತದೋ ಗೊತ್ತಿಲ್ಲದ ಅರ್ಜಿಯನ್ನು ಬೇಡವೆಂದು ಮೂವತ್ತು ವರ್ಷ ತಳ್ಳಿದವರಿಗಾಗಿ ತುಂಬಿದೆ. ಹೊಟ್ಟೆಯುರಿ ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ.

ಆ ವರ್ಷ ನಾನು ಎರಡು ಕಡೆಯ ಕೆಲಸ ಮಾಡಿದೆ. ಶನಿವಾರಗಳಲ್ಲಿ ಬದರಿನಾಥರ ಹಿಂದೆ ಕರಪತ್ರದ ಚೀಲ ಹೊತ್ತು ಮನೆ ಮನೆ ತಿರುಗುವುದು. ನಡುವಾರದಲ್ಲಿ ಆಫೀಸಿಗೆ ಏನೋ ನೆಪ ಹೇಳಿ ರಾಯರನ್ನು ಪೌರತ್ವದ ಕಚೇರಿಗೆಂದು ಸಿಯಾಟಲ್‌ಗೆ ಕರೆದೊಯ್ಯುವುದು. ಬೆರಳಚ್ಚು ಕೊಡಬೇಕಾದ ದಿನ ರಾಯರು ಕೈ ಒರೆಸಿಕೊಳ್ಳುತ್ತ, "ಮಗ ಊರವರದ್ದೆಲ್ಲ ತೆಗೆಸಿದ, ಅಪ್ಪಂದು ಬಾಕಿ ಇತ್ತು" ಎಂದು ನಕ್ಕರು. ಅವರ ವಯಸ್ಸಿಗೆ ಪರೀಕ್ಷೆಯಲ್ಲಿ ರಿಯಾಯಿತಿ ಇತ್ತು, ಇಪ್ಪತ್ತೈದು ಪ್ರಶ್ನೆ ಓದಿಕೊಂಡರೆ ಸಾಕು. ರಿಯಾಯಿತಿ ಬೇಡವೆಂದು ನೂರನ್ನೂ ಬಾಯಿಪಾಠ ಮಾಡಿದರು.

ಇಲ್ಲಿಯ ಕನ್ನಡದವರ ಕಥೆ ಬೇರೆ. ಯುಗಾದಿಯ ಸಮಾರಂಭದಲ್ಲಿ ಬದರಿನಾಥರಿಗೆ ಶಾಲು ಹೊದಿಸಿದ್ದೇನು, ಜೊತೆಯಲ್ಲಿ ಫೋಟೋ ತೆಗೆಸಿಕೊಂಡಿದ್ದೇನು. ಇಪ್ಪತ್ತೆರಡು ವರ್ಷ "ಪೋಲೀಸಂತೆ" ಎಂದು ಮೂಗು ಮುರಿದವರೆಲ್ಲ "ನಮ್ಮ ಬದರಿ" ಎಂದರು. ಮುನ್ನೂರು ಜನರಿದ್ದ ಆ ಸಭೆಯಲ್ಲಿ ಓಟಿದ್ದವರು ಎಷ್ಟು ಎಂದು ನಾನು ಹಾಳೆ ಹಿಡಿದು ಕೇಳಿಕೊಂಡು ಬಂದೆ. ಹದಿನೇಳು. ಅದರಲ್ಲಿ ಐದು ಜನ ಪಕ್ಕದ ಕೌಂಟಿಯವರು. ಉಳಿದವರೆಲ್ಲ ನನ್ನ ಹಾಗೆ, ಮನೆ ಮುಂದಿನ ಹುಲ್ಲಿನ ಮೇಲೆ ಅವರ ಹೆಸರಿನ ಫಲಕ ನೆಟ್ಟುಕೊಂಡು ಸಂತೋಷಪಡಬೇಕಾದವರು.

ಬದರಿನಾಥರು ಗಂಟೆ ಬಾರಿಸುವ ರೀತಿ ನೋಡಬೇಕಿತ್ತು. ಒತ್ತಿ ಎರಡು ಹೆಜ್ಜೆ ಹಿಂದೆ ಸರಿದು, ಕೈ ಕಾಣುವಂತೆ ಇಟ್ಟುಕೊಂಡು ನಿಲ್ಲುತ್ತಿದ್ದರು. ಬಾಗಿಲು ತೆರೆದವರು ಬೆಚ್ಚಬಾರದೆಂದು ಪೋಲೀಸ್ ಕೆಲಸದಲ್ಲಿ ಕಲಿತದ್ದಂತೆ. ಒಳಗೆ ಬನ್ನಿ ಎಂದರೆ ಬೂಟು ಕಳಚುತ್ತಿದ್ದರು. ಮಳೆಯಲ್ಲಿ, ಬಿಸಿಲಲ್ಲಿ, ನಾಯಿ ಬೊಗಳುವಲ್ಲಿ, ಮುಖಕ್ಕೆ ಬಾಗಿಲು ಹಾಕಿಸಿಕೊಂಡಲ್ಲಿ, "ನಿಮ್ಮ ಓಟು ನನಗೆ ಕೊಡ್ತೀರಾ?" ಎಂದು ಅದೇ ಸಮಾಧಾನದಲ್ಲಿ ಕೇಳುತ್ತಿದ್ದರು. ಸೆಪ್ಟೆಂಬರಿನಲ್ಲಿ ಪಕ್ಷದೊಳಗಿನ ಸುತ್ತಿನಲ್ಲಿ ಗೆದ್ದೇಬಿಟ್ಟರು. ಆ ಸಂಜೆ ವಾಪಸು ಬರುವಾಗ ಕಾರಿನಲ್ಲಿ ನಾನು ತಡೆಯಲಾರದೆ ಕೇಳಿದೆ.

"ಬದರಿ ಅವ್ರೇ, ಇಷ್ಟು ಮನೇಲಿ ಕೇಳಿದ್ರಿ. ನಿಮ್ಮ ತಂದೇನ ಒಂದ್ಸಲ ಕೇಳಿದ್ರಾ?"

"ಅಣ್ಣಂಗೆ ಓಟಿಲ್ವಲ್ಲ." ತಂದೆಯನ್ನು ಅಣ್ಣ ಎನ್ನುವುದು ಅವರ ಮನೆಯ ರೂಢಿ.

"ಓಟಲ್ಲ. ನಿಂತ್ಕೊಳ್ಲಾ ಅಂತ."

ಸಿಗ್ನಲ್ ಹಸಿರಾದರೂ ಅವರು ಗಾಡಿ ಬಿಡಲಿಲ್ಲ. "ನಂಗೆ ಬೇಕಾಗಿರೋದು ಅದೊಂದೇ ರುಕ್ಮಿಣಿ. ಈ ಎಲೆಕ್ಷನ್ ಸೋತ್ರೂ ಪರವಾಗಿಲ್ಲ. ಅವರು ಒಂದ್ಸಲ, ನೀನು ಮಾಡ್ತಿರೋದು ಸರಿ ಅಂದ್ರೆ ಸಾಕು. ಆದ್ರೆ ಅದನ್ನ ಕೇಳಿ ಈಸ್ಕೊಂಡ್ರೆ ಏನು ಚೆಂದ?" ಹಿಂದಿನವರು ಹಾರನ್ ಹೊಡೆದರು. ರಾಯರ ಗುಟ್ಟು ನನ್ನ ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ.

ಪೌರತ್ವದ ಪ್ರಮಾಣವಚನಕ್ಕೆ ರಾಯರಿಗೆ ಸಿಕ್ಕ ದಿನ ಅಕ್ಟೋಬರಿನ ನಡುವೆ. ಮತದಾರರ ಪಟ್ಟಿಗೆ ಸೇರುವ ಕೊನೆಯ ಗಡುವಿಗೆ ಐದೇ ದಿನ ಮೊದಲು. ರಾಯರು ಇಸ್ತ್ರಿ ಪಂಚೆ ಉಟ್ಟು, ಮೇಲೆ ಉಣ್ಣೆಯ ಕೋಟು ಹಾಕಿಕೊಂಡು ಕಾರು ಹತ್ತಿದರು. ಪ್ರಮಾಣದ ಮಾತುಗಳನ್ನು ಅಚ್ಚು ಹಾಕಿಸಿ ಮೊದಲೇ ಕೊಟ್ಟಿದ್ದರು. ಬೇರೆ ಯಾವುದೇ ಅರಸನಿಗೆ, ದೊರೆಗೆ, ದೇಶಕ್ಕೆ ಇದ್ದ ನಿಷ್ಠೆಯನ್ನು ಪೂರ್ತಿ ಬಿಟ್ಟಿದ್ದೇನೆ ಎಂದು ಅದರಲ್ಲಿ ಹೇಳಬೇಕು.

"ಅರಸನ್ನ ಬಿಡೋದು ನಂಗೆ ಗೊತ್ತು, ಹದಿನೆಂಟನೇ ವಯಸ್ಸಿಗೇ ಬಿಟ್ಟಾಗಿದೆ" ಎಂದರು ರಾಯರು. "ದೇಶ ಬಿಡೋದು ಹೇಗೆ ಅಂತ ಇವರು ಎಲ್ಲೂ ಬರೆದಿಲ್ಲವಲ್ಲ."

"ವಾಪಸ್ ಹೋಗೋಣ್ವಾ ಮಾವ?" ಎಂದೆ. ನಿಜವಾಗಿ ಕೇಳಿದೆ.

ಅವರು ಕಿಟಕಿಯಾಚೆ ನೋಡುತ್ತ ಕೂತಿದ್ದರು. "ಅನಸೂಯ ಇದ್ದಿದ್ರೆ ಇಪ್ಪತ್ತು ವರ್ಷದ ಹಿಂದೇನೇ ಕಳಿಸಿರೋಳು. ನಡಿ" ಎಂದರು.

ನೂರಾರು ಜನರ ನಡುವೆ ಬಲಗೈ ಎತ್ತಿ ನಿಂತ ಅವರನ್ನು ನಾನು ಹಿಂದಿನ ಸಾಲಿನಿಂದ ನೋಡಿದೆ. ಎಲ್ಲರ ತುಟಿ ಆಡುತ್ತಿತ್ತು. ಅವರದು ನಡುವೆ ಒಂದು ಕಡೆ ನಿಂತಿತು, ಮತ್ತೆ ಆಡಿತು. ಮುಗಿದ ಮೇಲೆ ಎಲ್ಲರೂ ಕೈಯಲ್ಲಿದ್ದ ಪುಟ್ಟ ಬಾವುಟ ಬೀಸಿದರು, ಫೋಟೋ ತೆಗೆಸಿಕೊಂಡರು. ರಾಯರು ಕುರ್ಚಿಯಲ್ಲಿ ಕೂತು ಕೋಟಿನ ಒಳಜೇಬಿನಿಂದ ಹಳೆಯ ಪಾಸ್‌ಪೋರ್ಟು ತೆಗೆದು, ಮೊದಲ ಪುಟದಲ್ಲಿದ್ದ ತಮ್ಮ ಫೋಟೋವನ್ನು ಬಹಳ ಹೊತ್ತು ನೋಡಿದರು. ಸ್ಯಾನ್‌ಫ್ರಾನ್ಸಿಸ್ಕೋದ ಭಾರತದ ಕಾನ್ಸುಲೇಟಿಗೆ ಅದನ್ನು ಕಳಿಸಬೇಕಿತ್ತು. ಲಕೋಟೆಗೆ ಗೋಂದು ಹಚ್ಚಿದ್ದು ನಾನು. ಅಲ್ಲಿಂದ ನೇರ ಎವರೆಟ್‌ನ ಚುನಾವಣಾ ಕಚೇರಿಗೆ ಹೋಗಿ ಪಟ್ಟಿಗೆ ಸೇರಿಸಿದೆವು. ತಡವಾಗಿ ಸೇರಿದವರಿಗೆ ಮತಪತ್ರ ಅಂಚೆಯಲ್ಲಿ ಬರುತ್ತದೆ ಎಂದರು. ನಮ್ಮ ಮನೆಯ ವಿಳಾಸವನ್ನೇ ಅಂಚೆಗೆ ಕೊಟ್ಟೆವು.

ಮತಪತ್ರ ಬಂದ ದಿನ ರಾಯರು ಸ್ನಾನ ಮಾಡಿ ಬಂದು ನಮ್ಮ ಊಟದ ಮೇಜಿನ ಮುಂದೆ ಕೂತರು. "ನೀನು ಆ ಕಡೆ ತಿರುಗು" ಎಂದರು. ತಿರುಗಿದೆ. ಪೆನ್ನಿನ ಸದ್ದು ಕೇಳಿಸಿತು, ಆಮೇಲೆ ಬಹಳ ಹೊತ್ತು ಏನೂ ಕೇಳಿಸಲಿಲ್ಲ. ಲಕೋಟೆ ಮುಚ್ಚಿ, ಮೇಲೆ ಸಹಿ ಹಾಕಿ, ಅಂಚೆಪೆಟ್ಟಿಗೆಯವರೆಗೆ ತಾವೇ ನಡೆದು ಹಾಕಿ ಬಂದರು. ಬದರಿಗೆ ಯಾವಾಗ ಹೇಳುತ್ತೀರಿ ಎಂದು ಕೇಳಿದೆ. "ಗೆದ್ದ ಮೇಲೆ" ಎಂದರು.

ಬದರಿನಾಥರು ಗೆಲ್ಲಲಿಲ್ಲ. ಹದಿನಾಲ್ಕು ಸಾವಿರ ಓಟಿನಲ್ಲಿ ಸೋತರು. ಗೆದ್ದವರಿಗೆ ಫೋನು ಮಾಡಿ ಅಭಿನಂದಿಸಿ, ಗುರುವಾರದಿಂದ ಮತ್ತೆ ಕೆಲಸಕ್ಕೆ ಹೋದರು. ಹುಲ್ಲಿನ ಮೇಲಿನ ಫಲಕಗಳನ್ನು ನಾನೂ ಬದರಿನಾಥರೂ ಕಿತ್ತು ಅವರ ಗ್ಯಾರೇಜಿನಲ್ಲಿ ಒಟ್ಟಿದೆವು. ರಾಯರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಹೇಳುವುದಿದ್ದರೆ ಈಗ ಹೇಳಿ ಎಂದು ನಾನು ಕಣ್ಸನ್ನೆ ಮಾಡಿದೆ. ಗೆಲ್ಲಿಸಲಾಗದ ಓಟನ್ನು ಹೇಳಿಕೊಂಡು ಏನು ಮಾಡಲಿ ಎನ್ನುವಂತೆ ಮುಖ ತಿರುಗಿಸಿಕೊಂಡರು.

ಶನಿವಾರ ಮಧ್ಯಾಹ್ನ ನಾನು ಅವರ ಮನೆಯಲ್ಲಿ ರಾಯರೊಂದಿಗೆ ಕಾಫಿ ಕುಡಿಯುತ್ತಿದ್ದೆ. ಬದರಿನಾಥರು ಅಂಚೆ ತೆಗೆದುಕೊಂಡು ಒಳಗೆ ಬಂದರು. ಅಂಚೆಯ ವಿಳಾಸ ನಮ್ಮದಾದರೂ ಈ ಒಂದು ಕಾಗದವನ್ನು ಚುನಾವಣಾ ಕಚೇರಿಯವರು ಪಟ್ಟಿಯಲ್ಲಿದ್ದ ಮನೆಗೇ ಕಳಿಸಿದ್ದರು. ಅಶ್ವತ್ಥರಾಯರ ಮತಪತ್ರದ ಲಕೋಟೆಯ ಸಹಿಗೂ ದಾಖಲೆಯ ಸಹಿಗೂ ತಾಳೆಯಾಗುತ್ತಿಲ್ಲ, ಬಂದು ಸರಿಪಡಿಸದಿದ್ದರೆ ಓಟು ಎಣಿಕೆಗೆ ಸೇರುವುದಿಲ್ಲ ಎಂದು ಅದರಲ್ಲಿತ್ತು.

ಬದರಿನಾಥರು ಎರಡು ಸಲ ಓದಿದರು. ತಲೆ ಎತ್ತಿದಾಗ ಮುಖ ಬಿಳಿಚಿಕೊಂಡಿತ್ತು.

"ಅಣ್ಣ, ನೀವು ಓಟು ಹಾಕಿದ್ರಾ?"

"ಹಾಕಿದೆ."

"ನಿಮ್ಮ ಹೆಸರಲ್ಲಿ ಬೇರೆ ಯಾರೂ ಅಲ್ಲ? ನೀವೇ?" ಆ ದನಿಯನ್ನು ನಾನು ಎಂದೂ ಕೇಳಿರಲಿಲ್ಲ. ರಸ್ತೆಯಲ್ಲಿ ಕಾರು ನಿಲ್ಲಿಸಿ ಲೈಸೆನ್ಸ್ ಕೇಳುವವರ ದನಿ ಅದು.

"ನಾನೇ."

"ಸಿಟಿಜನ್ ಅಲ್ಲದೋರು ಓಟು ಹಾಕಿದ್ರೆ ಅದು ಕ್ರೈಮ್ ಅಣ್ಣ. ದೇಶದಿಂದ ಆಚೆ ಹಾಕ್ತಾರೆ. ನನಗೋಸ್ಕರ ಮಾಡಿದ್ರಾ? ಯಾಕ್ ಮಾಡಿದ್ರಿ?" ಅವರು ಕುರ್ಚಿಯ ಬೆನ್ನು ಹಿಡಿದುಕೊಂಡರು. "ಗೊತ್ತಾದ ಮೇಲೆ ನಾನು ಸುಮ್ನಿರೋ ಹಾಗಿಲ್ಲ. ನಾನೇ ರಿಪೋರ್ಟ್ ಮಾಡ್ಬೇಕು."

ಬಾಯಿ ತೆರೆದ ನನ್ನನ್ನು ರಾಯರು ಕೈ ತೋರಿಸಿ ತಡೆದರು. ಮಗನನ್ನೇ ನೋಡುತ್ತಿದ್ದರು.

"ಮಾಡ್ತೀಯಾ?"

"ಮಾಡ್ಬೇಕು ಅಣ್ಣ." ಕಣ್ಣಲ್ಲಿ ನೀರು ತುಂಬಿದ್ದರೂ ದನಿ ಅಲುಗಲಿಲ್ಲ.

"ಮಾಡಲೇಬೇಕು. ನೀನು ಪೋಲೀಸು" ಎಂದರು ರಾಯರು. "ನೀನು ಮಾಡಲ್ಲ ಅಂದಿದ್ರೆ ನಂಗೆ ನಾಚಿಕೆ ಆಗ್ತಿತ್ತು."

ಅವರು ಎದ್ದು ಕೋಣೆಗೆ ಹೋಗಿ, ಪಂಚಾಂಗದ ನಡುವೆ ಇಟ್ಟಿದ್ದ ಪೌರತ್ವದ ಪತ್ರ ತಂದು ಮೇಜಿನ ಮೇಲೆ ಬಿಡಿಸಿದರು. ಬದರಿನಾಥರು ಅದರ ಮುದ್ರೆಯನ್ನು ಬೆರಳಿನಿಂದ ಮುಟ್ಟಿದರು. ದಿನಾಂಕ ಓದಿದರು. ನನ್ನನ್ನು ನೋಡಿದರು. "ಪಾಸ್‌ಪೋರ್ಟು?" ಎಂದು ಕೇಳಿದರು.

"ಕಳಿಸ್ಬಿಟ್ಟೆ" ಎಂದರು ರಾಯರು.

ಬದರಿನಾಥರು ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. ನನ್ನ ಕಾಫಿ ಆರಿಹೋಯಿತು.

ಸಹಿಯ ತಪ್ಪು ಏನೆಂದರೆ, ಪಟ್ಟಿಗೆ ಸೇರಿಸಿದ ದಿನ ರಾಯರು ಇಂಗ್ಲಿಷಿನಲ್ಲಿ ಸಹಿ ಹಾಕಿದ್ದರು. ಮತಪತ್ರದ ಲಕೋಟೆಯ ಮೇಲೆ ಕನ್ನಡದಲ್ಲಿ ಹಾಕಿದ್ದರು. "ಕೈ ತಾನಾಗೇ ಹೋಯ್ತು" ಎಂದರು. ನಾನು ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕಿ ಸಂಬಳ ತೆಗೆದುಕೊಳ್ಳುವವಳು. ಇದೊಂದು ನನ್ನ ಕಣ್ಣಿಗೆ ಬೀಳಲಿಲ್ಲ.

ಸೋಮವಾರ ಮೂವರೂ ಎವರೆಟ್‌ಗೆ ಹೋದೆವು. ಕೌಂಟರಿನ ಹೆಂಗಸು ಬದರಿನಾಥರನ್ನು ಗುರುತಿಸಿ, ಸೋತಿದ್ದಕ್ಕೆ ಬೇಸರ ಹೇಳಿದಳು. ಇನ್ನೊಂದು ಓಟಿನಿಂದ ಫಲಿತಾಂಶ ಬದಲಾಗುವುದಿಲ್ಲ ಎಂದು ರಾಯರಿಗೆ ಮೆಲ್ಲಗೆ ಹೇಳಿದಳು. ಅದು ಗೊತ್ತು, ಆದರೂ ಎಣಿಸಿ ಎಂದು ರಾಯರು ಸಹಿ ಹಾಕಿದರು.

ವಾಪಸು ಬರಲು ಕಾರಿನಲ್ಲಿ ಕೂತ ಮೇಲೂ ಬದರಿನಾಥರು ಗಾಡಿ ಹೊರಡಿಸಲಿಲ್ಲ. ನಾನು ಹಿಂದಿನ ಸೀಟಿನಲ್ಲಿದ್ದೆ.

"ಅಣ್ಣ, ಯಾರಿಗೆ ಹಾಕಿದ್ರಿ?"

"ಅದನ್ನ ಕೇಳಬಾರದು ಕಣೋ. ಗುಪ್ತ ಮತದಾನ."

ಬದರಿನಾಥರು ನಕ್ಕರು. ನಗು ಅರ್ಧಕ್ಕೇ ನಿಂತಿತು. ರಾಯರು ಮುಂದಿನ ಗಾಜನ್ನು ನೋಡುತ್ತ ಹೇಳಿದರು: "ಹಾಕೋಕೆ ಮುಂಚೆ ಕೇಳಬಹುದಿತ್ತು. ಊರೆಲ್ಲ ಕೇಳಿದೆ, ನನ್ನ ಕೇಳಲಿಲ್ಲ."

"ನಿಮಗೆ ಓಟೇ ಇರಲಿಲ್ವಲ್ಲ ಅಣ್ಣ."

"ಇರಲಿಲ್ಲ. ಆದ್ರೂ ಕಾಯ್ತಿದ್ದೆ." ಸೀಟ್ ಬೆಲ್ಟ್ ಎಳೆದು ಹಾಕಿಕೊಳ್ಳುತ್ತ, "ಮುಂದಿನ ಸಲ ನಿಂತಾಗ ಮೊದಲು ನನ್ನ ಹತ್ರ ಬಾ" ಎಂದರು. ಬದರಿನಾಥರು ಸ್ಟೀರಿಂಗಿನ ಮೇಲೆ ಹಣೆ ಇಟ್ಟರು. ರಾಯರ ಕೈ ಅವರ ಬೆನ್ನ ಮೇಲೆ ಬಂದು ಅಲ್ಲೇ ಉಳಿಯಿತು.

ರಾಯರು ೨೦೦೬ರ ಮಾಘದಲ್ಲಿ ತೀರಿಕೊಂಡರು. ಮರುವರ್ಷ ಮತ್ತೆ ಚುನಾವಣೆ ಬಂತು. ಪಕ್ಷದವರು ಎರಡು ಸಲ ಮನೆಗೆ ಬಂದು, ಈ ಬಾರಿ ಖಂಡಿತ ಗೆಲ್ಲುತ್ತೀರಿ ಎಂದರು. ನನಗೂ ಹಾಗೇ ಅನಿಸಿತ್ತು. ನಾಮಪತ್ರ ಹಾಕುವ ಕೊನೆಯ ದಿನ ನಾನು ರಸ್ತೆ ದಾಟಿ ಹೋಗಿ, ಯಾಕೆ ಸುಮ್ಮನಿದ್ದೀರಿ ಎಂದು ಅವರನ್ನು ತರಾಟೆಗೆ ತೆಗೆದುಕೊಂಡೆ. ಬದರಿನಾಥರು ತಂದೆಯ ಕೋಣೆಯ ಬಾಗಿಲಲ್ಲಿ ನಿಂತಿದ್ದರು.

"ಮೊದಲು ಇಲ್ಲಿ ಕೇಳ್ಬೇಕು ಅಂದಿದ್ರು ರುಕ್ಮಿಣಿ" ಎಂದರು. "ಬೆಳಿಗ್ಗೆಯಿಂದ ಮೂರು ಸಲ ಬಂದು ನಿಂತೆ. ಯಾರನ್ನ ಕೇಳ್ಲಿ?"